ಪುಸ್ತಕದಲ್ಲಿ ಕಾಣದ ಸಂಬಳ

ಎರಡು ಸಂಚಿಕೆಗಳ ಹಿಂದೆ ಭವಿಷ್ಯ ನಿಧಿಯ (ಪಿಎಫ್) ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಸಂಬಳದ ಒಂದು ಭಾಗವನ್ನು ಮಾತ್ರ ಲೆಕ್ಕದಲ್ಲಿ ತೋರಿಸಿ ಉಳಿದದ್ದನ್ನು ಕೈಗೆ ಕೊಡುವ ಪದ್ಧತಿ ನಮ್ಮಲ್ಲಿ ಮಾತ್ರವಲ್ಲ, ಯುರೋಪಿನಲ್ಲಿಯೂ ಇದೆ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿನ ಬಗ್ಗೆ ಬಂದಷ್ಟು ಪತ್ರಗಳು ಮೂಲ ಉತ್ತರದ ಬಗ್ಗೆ ಬರಲಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಮತ್ತು ಅವರ ಮನೆಯವರ ಉದ್ಯೋಗಕ್ಕೆ ತೊಂದರೆಯಾಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಲಾಟ್ವಿಯಾ ದೇಶದ ರಿಗಾ ನಗರದಲ್ಲಿ ಓದು ಮುಗಿಸಿ, ಅಲ್ಲಿಯೇ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಕರಾರು ಪತ್ರದಲ್ಲಿ ಕನಿಷ್ಠ ವೇತನವನ್ನಷ್ಟೇ ಬರೆದಿದ್ದಾರೆ. ಹೆಚ್ಚುಕಡಿಮೆ ಅದರ ಅರ್ಧದಷ್ಟು ಹಣವನ್ನು ಮಾಲೀಕರು ಪ್ರತಿ ತಿಂಗಳು ಲಕೋಟೆಯಲ್ಲಿಟ್ಟು ಕೊಡುತ್ತಾರಂತೆ. "ಇಲ್ಲಿ ಎಲ್ಲರೂ ಹೀಗೇ ಅಮ್ಮ, ಟ್ಯಾಕ್ಸ್ ಉಳಿಯುತ್ತೆ" ಎನ್ನುತ್ತಾನೆ. ಇದು ತಪ್ಪೇ? ಅವನಿಗೆ ಮುಂದೆ ತೊಂದರೆಯಾದೀತೇ?
(ರಾಜಾಜಿನಗರದ ತಾಯಿಯೊಬ್ಬರು)

ಉತ್ತರ: ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಪದ್ಧತಿ ಅಲ್ಲಿ ಎಷ್ಟು ಹಳೆಯದೆಂದರೆ ಅದಕ್ಕೆ 'ಲಕೋಟೆ ಸಂಬಳ' ಎಂಬ ಹೆಸರೇ ನಿಂತುಹೋಗಿದೆ. ಯುರೋಪಿಯನ್ ಕಮಿಷನ್ 2007ರಲ್ಲಿ ನಡೆಸಿದ ಯೂರೋಬ್ಯಾರೋಮೀಟರ್ ಸಮೀಕ್ಷೆಯಲ್ಲಿ, ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಸಂಬಳಕ್ಕೆ ದುಡಿಯುವವರ ಪೈಕಿ ಶೇ 5ರಷ್ಟು ಜನ ತಮಗೆ ಹೀಗೆ ಹಣ ಬರುತ್ತದೆಂದು ಒಪ್ಪಿಕೊಂಡರು. ರುಮೇನಿಯಾದಲ್ಲಿ ಈ ಪ್ರಮಾಣ ಶೇ 23, ಲಾಟ್ವಿಯಾದಲ್ಲಿ ಶೇ 17 ಇತ್ತು. 2013 ಮತ್ತು 2019ರ ಸಮೀಕ್ಷೆಗಳ ಹೊತ್ತಿಗೆ ಒಕ್ಕೂಟದ ಒಟ್ಟು ಪ್ರಮಾಣ ಶೇ 3ಕ್ಕೆ ಇಳಿದಿತ್ತು. ಇವು ಒಪ್ಪಿಕೊಂಡವರ ಲೆಕ್ಕ ಮಾತ್ರ. ಮನೆಬಾಗಿಲಿಗೆ ಬಂದ ಅಪರಿಚಿತರ ಮುಂದೆ ಇಂಥ ಸಂಗತಿಯನ್ನು ಬಾಯಿಬಿಡದವರು ಇನ್ನೆಷ್ಟೋ ಇರುತ್ತಾರೆ.

ಕಾನೂನಿನ ದೃಷ್ಟಿಯಿಂದ ಇಲ್ಲಿ ಎರಡು ಬಗೆಗಳಿವೆ. ಕೆಲಸವೇನೋ ನ್ಯಾಯವಾದದ್ದೇ, ಆದರೆ ಸರ್ಕಾರಕ್ಕೆ ಅದನ್ನು ತಿಳಿಸಿಯೇ ಇಲ್ಲ ಎಂದಾದರೆ ಅದು ಲೆಕ್ಕಕ್ಕೆ ಬಾರದ ದುಡಿಮೆ. ಕೆಲಸಗಾರನ ಹೆಸರು ದಾಖಲೆಯಲ್ಲಿದ್ದು, ಸಂಬಳವನ್ನೋ ದುಡಿದ ಗಂಟೆಗಳನ್ನೋ ಕಡಿಮೆ ಮಾಡಿ ಬರೆದಿದ್ದರೆ ಅದು ಎರಡನೆಯ ಬಗೆ. ನಿಮ್ಮ ಮಗನದು ಇದು. ಮೇಲ್ನೋಟಕ್ಕೆ ಎರಡನೆಯದೇ ಸೌಮ್ಯವಾಗಿ ಕಾಣುತ್ತದೆ, ಆದರೆ ನಾನು ಹಾಗೆ ತಿಳಿಯುವುದಿಲ್ಲ. ದಾಖಲೆಯೇ ಇಲ್ಲದವನಿಗೆ ತಾನು ಅಪಾಯದಲ್ಲಿದ್ದೇನೆಂಬ ಅರಿವಾದರೂ ಇರುತ್ತದೆ. ಅರ್ಧ ದಾಖಲೆ ಇರುವವನು ಕೈಯಲ್ಲಿ ಕರಾರು ಇದೆ, ವಿಮೆ ಇದೆ, ತೆರಿಗೆ ಕಟ್ಟುತ್ತಿದ್ದೇನೆ ಎಂದು ನೆಮ್ಮದಿಯಿಂದ ಇದ್ದುಬಿಡುತ್ತಾನೆ, ಮತ್ತು ಮಾಲೀಕ ಕರಾರಿನಲ್ಲಿರುವಷ್ಟನ್ನೇ ಕೊಡುತ್ತೇನೆ ಎಂದು ಒಂದು ದಿನ ತೀರ್ಮಾನಿಸಿದರೆ ಕೇಳಲು ಅವನ ಬಳಿ ಒಂದು ಚೂರು ಕಾಗದವೂ ಇರುವುದಿಲ್ಲ.

ಉಳಿಯುವ ತೆರಿಗೆ ಯಾರದೆಂಬುದನ್ನೂ ನೋಡಬೇಕು. ಸಂಬಳದ ಮೇಲೆ ನೌಕರ ಕಟ್ಟುವುದರ ಜೊತೆಗೆ ಮಾಲೀಕನೂ ಸಾಮಾಜಿಕ ವಿಮೆಗೆ ತನ್ನ ಪಾಲನ್ನು ಕಟ್ಟಬೇಕು. ಲಾಟ್ವಿಯಾದಲ್ಲಿ ಮಾಲೀಕನ ಪಾಲೇ ದೊಡ್ಡದು. ಲಕೋಟೆಯಿಂದ ಅವನಿಗೆ ಉಳಿಯುವುದು ನಗದು. ನಿಮ್ಮ ಮಗನಿಗೆ ಈಗ ಉಳಿದಂತೆ ಕಾಣುವ ಹಣ ಮುಂದೆ ಕಾಯಿಲೆ ಬಿದ್ದಾಗ ಸಿಗಬೇಕಾದ ಭತ್ಯೆಯಲ್ಲಿ, ಕೆಲಸ ಹೋದಾಗ ಸಿಗಬೇಕಾದ ನೆರವಿನಲ್ಲಿ, ನಿವೃತ್ತಿ ವೇತನದಲ್ಲಿ ಖೋತಾ ಆಗುತ್ತದೆ, ಏಕೆಂದರೆ ಇವೆಲ್ಲವನ್ನೂ ಘೋಷಿಸಿದ ಸಂಬಳದ ಮೇಲೆಯೇ ಲೆಕ್ಕ ಹಾಕುತ್ತಾರೆ. 2020ರಲ್ಲಿ ಕೋವಿಡ್‌ನಿಂದ ರೆಸ್ಟೋರೆಂಟುಗಳು ಮುಚ್ಚಿದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. ಯುರೋಪಿನ ಸರ್ಕಾರಗಳು ಕೆಲಸ ನಿಂತವರಿಗೆ ಸಂಬಳದ ಇಂತಿಷ್ಟು ಪಾಲು ಎಂದು ನೆರವು ಕೊಟ್ಟವು. ಜರ್ಮನಿಯ ಯೋಜನೆಯಲ್ಲಿ ಅದು ನಿವ್ವಳ ಸಂಬಳದ ಶೇ 60ರಿಂದ ಆರಂಭವಾಗುತ್ತಿತ್ತು. ಅರ್ಧ ಸಂಬಳವನ್ನು ಲಕೋಟೆಯಲ್ಲಿ ಪಡೆಯುತ್ತಿದ್ದ ಅಡುಗೆಯವನಿಗೆ ಈ ಲೆಕ್ಕದಲ್ಲಿ ಸಿಗುವುದು ಅರ್ಧದ ಶೇ 60. ಲಕೋಟೆಯಂತೂ ರೆಸ್ಟೋರೆಂಟಿನ ಬಾಗಿಲು ಮುಚ್ಚಿದ ದಿನವೇ ನಿಂತಿರುತ್ತದೆ.

ಹೊರದೇಶದವರಿಗೆ ಇನ್ನೂ ಒಂದು ತೊಡಕಿದೆ. ವಾಸದ ಪರವಾನಗಿಯನ್ನು ನವೀಕರಿಸಲು, ಮುಂದೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅಧಿಕಾರಿಗಳು ಕೇಳುವುದು ದಾಖಲೆಯ ಆದಾಯವನ್ನು. ಲಕೋಟೆಯ ಹಣ ಅಲ್ಲಿ ಲೆಕ್ಕಕ್ಕಿಲ್ಲ. ಕೆಲವು ದೇಶಗಳಲ್ಲಿ ಕಟ್ಟದ ತೆರಿಗೆಯ ಹೊಣೆ ನೌಕರನ ಮೇಲೂ ಬೀಳಬಹುದು.

ನೀವು ಫೋನಿನಲ್ಲಿ ಅವನನ್ನು ಗದರಬೇಕೆಂದು ನಾನು ಹೇಳುವುದಿಲ್ಲ. ಪರದೇಶದಲ್ಲಿ ಮೊದಲ ಕೆಲಸ ಹಿಡಿದ ಹುಡುಗ ಮಾಲೀಕನಿಗೆ ಷರತ್ತು ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ. ಆದರೆ ಅವನು ಮಾಡಬಹುದಾದ ಕೆಲಸಗಳು ಕೆಲವಿವೆ. ದುಡಿದ ಗಂಟೆಗಳನ್ನು ತಾನೇ ದಿನವೂ ಬರೆದಿಡಲಿ. ಪಾಳಿಯ ಬಗ್ಗೆ ಮಾಲೀಕ ಕಳಿಸುವ ಸಂದೇಶಗಳನ್ನು ಅಳಿಸದಿರಲಿ. ಲಕೋಟೆ ಬಂದ ದಿನಾಂಕ ಮತ್ತು ಮೊತ್ತವನ್ನು ಗುರುತು ಹಾಕಿಕೊಳ್ಳಲಿ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನವೊಂದರ ಪ್ರಕಾರ ಸಂಬಳ, ಕೆಲಸದ ವೇಳೆ ಮುಂತಾದ ಮುಖ್ಯ ವಿವರಗಳನ್ನು ಕೆಲಸಕ್ಕೆ ಸೇರಿದ ಏಳು ದಿನಗಳೊಳಗೆ ಬರಹದಲ್ಲಿ ಕೊಡುವುದು ಮಾಲೀಕನ ಕರ್ತವ್ಯ. ಲಾಟ್ವಿಯಾದಲ್ಲಿ ಸರ್ಕಾರದ ಕಾರ್ಮಿಕ ತಪಾಸಣಾ ಇಲಾಖೆ ಇದೆ, ಕಾರ್ಮಿಕ ಸಂಘಗಳ ಒಕ್ಕೂಟವೂ ಇದೆ. ದೂರು ಕೊಡುವ ಮೊದಲು ಸಂಘದವರ ಸಲಹೆ ಪಡೆಯಲಿ. ಮುಂದಿನ ಕೆಲಸ ಹುಡುಕುವಾಗ, ಕೈಗೆ ಸ್ವಲ್ಪ ಕಡಿಮೆ ಬಂದರೂ ಪೂರ್ತಿ ಸಂಬಳವನ್ನು ಕಾಗದದ ಮೇಲೆ ಕೊಡುವ ಜಾಗವನ್ನೇ ಆರಿಸಿಕೊಳ್ಳುವಂತೆ ದಯವಿಟ್ಟು ಹೇಳಿ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಇಪ್ಪತ್ತಾರು ಜನ ಕೆಲಸಗಾರರಿದ್ದಾರೆ, ಎಲ್ಲರಿಗೂ ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತೇನೆ. ಪಕ್ಕದ ಶೆಡ್ಡಿನವರು ಅರ್ಧ ಜನರನ್ನು ರೋಲ್‌ನಲ್ಲಿ ತೋರಿಸುವುದೇ ಇಲ್ಲ. ನನಗಿಂತ ಕಡಿಮೆ ದರಕ್ಕೆ ಜಾಬ್‌ವರ್ಕ್ ಹಿಡಿಯುತ್ತಾರೆ. ಯುರೋಪಿನಂತೆ ಇಲ್ಲಿಯೂ ಭಾರೀ ದಂಡ ಹಾಕಿದರೆ ಇದು ನಿಲ್ಲುವುದಿಲ್ಲವೇ?
(ಒಬ್ಬ ಉದ್ಯಮಿ, ಪೀಣ್ಯ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ವಿಷಯದ ಚರ್ಚೆಗಳಲ್ಲಿ ಕೆಲಸಗಾರನ ನಷ್ಟದ ಮಾತು ಬರುತ್ತದೆ, ಸರ್ಕಾರದ ನಷ್ಟದ ಮಾತೂ ಬರುತ್ತದೆ. ಪ್ರಾಮಾಣಿಕವಾಗಿ ಲೆಕ್ಕ ಇಡುವ ಸಣ್ಣ ಮಾಲೀಕನ ನಷ್ಟವನ್ನು ಎತ್ತುವವರು ಕಡಿಮೆ.

ದೊಡ್ಡ ದಂಡದ ಪ್ರಯೋಗವನ್ನು ಗ್ರೀಸ್ ಮಾಡಿ ನೋಡಿತು. ಆರ್ಥಿಕ ಬಿಕ್ಕಟ್ಟಿನ ನಡುವೆ, 2013ರಲ್ಲಿ, ದಾಖಲೆಯಿಲ್ಲದೆ ದುಡಿಸಿಕೊಂಡ ಒಬ್ಬೊಬ್ಬ ಕೆಲಸಗಾರನಿಗೂ 10,500 ಯೂರೋಗಿಂತ ಹೆಚ್ಚಿನ ದಂಡವನ್ನು ಅಲ್ಲಿ ಗೊತ್ತುಪಡಿಸಿದರು. ಸಣ್ಣ ಉಪಾಹಾರ ಗೃಹ ನಡೆಸುವವನಿಗೆ ಅಷ್ಟು ದಂಡ ಬಿದ್ದರೆ ಅಂಗಡಿ ಮುಚ್ಚುವುದೊಂದೇ ದಾರಿ. ಆಗ ಕೆಲಸಗಾರನಿಗೆ ಹಳೆಯ ಬಾಕಿಯೂ ಇಲ್ಲ, ಹೊಸ ಕೆಲಸವೂ ಇಲ್ಲ. 2018ರಲ್ಲಿ ಕಾನೂನನ್ನು ತಿದ್ದಿ, ಸಿಕ್ಕಿಬಿದ್ದ ಮಾಲೀಕನು ಅದೇ ಕೆಲಸಗಾರನನ್ನು ಪೂರ್ಣಾವಧಿಗೆ ಕಾನೂನುಬದ್ಧವಾಗಿ ನೇಮಿಸಿಕೊಂಡರೆ ದಂಡ ಇಳಿಯುವಂತೆ, ಎಷ್ಟು ಹೆಚ್ಚು ತಿಂಗಳು ಇಟ್ಟುಕೊಳ್ಳುತ್ತಾನೋ ಅಷ್ಟು ಹೆಚ್ಚು ಇಳಿಯುವಂತೆ ಮಾಡಿದರು. ನನಗೆ ಬಹಳ ಹಿಡಿಸಿದ ತಿದ್ದುಪಡಿ ಇದು. ದಂಡದ ಉದ್ದೇಶ ಖಜಾನೆಯನ್ನು ತುಂಬುವುದೋ, ಆ ಮನುಷ್ಯನ ಹೆಸರನ್ನು ಪುಸ್ತಕಕ್ಕೆ ತರುವುದೋ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಕೇಳಿಕೊಂಡಿದೆ.

ದಂಡಕ್ಕಿಂತ ಪರಿಣಾಮಕಾರಿಯಾದದ್ದು ಸುಳ್ಳು ಹೇಳುವ ಅವಕಾಶವನ್ನೇ ಕಿರಿದು ಮಾಡುವ ಕ್ರಮ. ತಪಾಸಣೆಗೆ ಹೋದ ಅಧಿಕಾರಿಗೆ ಎಲ್ಲ ದೇಶಗಳಲ್ಲಿಯೂ ಸಿಗುವ ಉತ್ತರ ಒಂದೇ: "ಇವನು ಇವತ್ತು ತಾನೇ ಸೇರಿದ್ದು ಸಾರ್, ನಾಳೆ ಹೆಸರು ಸೇರಿಸುತ್ತೇವೆ." ಈ ಮಾತನ್ನು ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ, ಹಾಗೆ ಹೇಳಿಸಿಕೊಂಡ ಕೆಲಸಗಾರ ಆ ಲೇತಿನ ಮುಂದೆ ಮೂರು ವರ್ಷದಿಂದ ನಿಂತಿದ್ದವನು. ಎಸ್ಟೋನಿಯಾ 2014ರ ಜುಲೈನಿಂದ ಉದ್ಯೋಗ ನೋಂದಣಿ ಎಂಬ ವ್ಯವಸ್ಥೆಯನ್ನು ತಂದು, ಕೆಲಸಗಾರ ಕೆಲಸ ಮುಟ್ಟುವ ಮೊದಲೇ ಅವನ ಹೆಸರನ್ನು ತೆರಿಗೆ ಇಲಾಖೆಯ ಪಟ್ಟಿಗೆ ಸೇರಿಸಬೇಕೆಂದು ನಿಯಮ ಮಾಡಿತು. ಅಧಿಕಾರಿ ಹೋದ ಕ್ಷಣದಲ್ಲಿ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ, ಅಷ್ಟೇ. ಫಿನ್ಲೆಂಡಿನಲ್ಲಿ 2012ರಿಂದ ಕಟ್ಟಡ ಕೆಲಸದ ಜಾಗದಲ್ಲಿರುವ ಪ್ರತಿಯೊಬ್ಬನೂ ಭಾವಚಿತ್ರವಿರುವ ಗುರುತಿನ ಚೀಟಿಯ ಮೇಲೆ ತನ್ನ ತೆರಿಗೆ ಸಂಖ್ಯೆಯನ್ನು ಧರಿಸಿರಬೇಕು. ಸ್ವೀಡನ್ 2007ರಲ್ಲಿ ರೆಸ್ಟೋರೆಂಟು ಮತ್ತು ಕ್ಷೌರದಂಗಡಿಗಳಿಗೆ, 2016ರಲ್ಲಿ ಕಟ್ಟಡ ಕೆಲಸಕ್ಕೆ, ಅಂದಂದಿನ ಹಾಜರಿ ಪುಸ್ತಕವನ್ನು ಕಡ್ಡಾಯಗೊಳಿಸಿತು. ತೆರಿಗೆ ಇಲಾಖೆಯವರು ಮುನ್ಸೂಚನೆಯಿಲ್ಲದೆ ಬಂದು ಪುಸ್ತಕದಲ್ಲಿರುವ ಹೆಸರುಗಳನ್ನೂ ಒಳಗಿರುವ ಮುಖಗಳನ್ನೂ ತಾಳೆ ನೋಡಬಹುದು.

ಹೆಸರನ್ನು ಪುಸ್ತಕಕ್ಕೆ ತಂದದ್ದರಿಂದ ಸಂಬಳವೂ ಸರಿಯಾಗಿ ಬಂದಂತಾಗುವುದಿಲ್ಲ. ಬಲ್ಗೇರಿಯಾ 2003ರಲ್ಲಿ ಒಂದೊಂದು ಉದ್ಯಮದಲ್ಲಿ ಒಂದೊಂದು ಹುದ್ದೆಗೆ ಇಷ್ಟಕ್ಕಿಂತ ಕಡಿಮೆ ಸಂಬಳದ ಮೇಲೆ ವಿಮೆ ಕಟ್ಟುವಂತಿಲ್ಲ ಎಂದು ಮಿತಿ ಹಾಕಿತು. ಒಳ್ಳೆಯ ಕ್ರಮವೇ, ಆದರೆ ಇಂಥ ಮಿತಿ ಇದ್ದಲ್ಲಿ ಸಂಬಳ ಎಷ್ಟೇ ಇದ್ದರೂ ಆ ಮಿತಿಯನ್ನೇ ಬರೆದು ಕೈತೊಳೆದುಕೊಳ್ಳುವ ರೂಢಿ ಬೆಳೆಯುವ ಅಪಾಯ ಇದ್ದೇ ಇರುತ್ತದೆ. ನಮ್ಮಲ್ಲಿ ಬೇಸಿಕ್ (ಮೂಲ ವೇತನ) ಅನ್ನು ಕಿರಿದು ಮಾಡಿ ಉಳಿದದ್ದನ್ನೆಲ್ಲ ಬಗೆಬಗೆಯ ಭತ್ಯೆಯೆಂದು ತೋರಿಸುವ ರೂಢಿಯೂ ಇದೇ ಜಾತಿಯದು. ಎಲ್ಲರಿಗೂ ಸಮಾನವಾಗಿ ಕೊಡುವ ಭತ್ಯೆಗಳ ಮೇಲೂ ಪಿಎಫ್ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು.

ಮುಖ್ಯವಾದ ಮಾತೊಂದು ಉಳಿದಿದೆ. ನಿಮ್ಮ ಪಕ್ಕದ ಶೆಡ್ಡಿನವರಿಗೆ ಕಡಿಮೆ ದರದಲ್ಲಿ ಜಾಬ್‌ವರ್ಕ್ ಕೊಡುತ್ತಿರುವ ದೊಡ್ಡ ಕಂಪನಿ ಯಾವುದೋ ಇದ್ದೇ ಇದೆ, ಅದಕ್ಕೆ ಈ ದರ ಹೇಗೆ ಗಿಟ್ಟುತ್ತದೆಂಬುದು ಗೊತ್ತಿಲ್ಲದೆ ಇರುವುದಿಲ್ಲ. ಫಿನ್ಲೆಂಡಿನ 2006ರ ಕಾನೂನು ಹಿಡಿದದ್ದು ಈ ಎಳೆಯನ್ನು. ಗುತ್ತಿಗೆ ಕೊಡುವವನು ಕರಾರಿಗೆ ಸಹಿ ಹಾಕುವ ಮೊದಲೇ, ಗುತ್ತಿಗೆ ಪಡೆಯುವವನು ತೆರಿಗೆ ಕಟ್ಟಿದ್ದಾನೆಯೇ, ಕೆಲಸಗಾರರ ಪಿಂಚಣಿ ವಿಮೆ ಮಾಡಿಸಿದ್ದಾನೆಯೇ ಎಂಬ ಪ್ರಮಾಣಪತ್ರಗಳನ್ನು ಕೇಳಿ ಪಡೆಯಬೇಕು. ತಪ್ಪಿದರೆ ದಂಡ ಬೀಳುವುದು ಗುತ್ತಿಗೆ ಕೊಟ್ಟವನಿಗೆ. ನಿಮ್ಮ ಕೈಗಾರಿಕಾ ಸಂಘದ ಮುಂದಿನ ಸಭೆಯಲ್ಲಿ, ಜಾಬ್‌ವರ್ಕ್ ಕೊಡುವ ಕಂಪನಿಗಳು ದರಪಟ್ಟಿಯ ಜೊತೆಗೆ ಪಿಎಫ್ ಚಲನ್ ಕೂಡ ಕೇಳಲಿ ಎಂಬ ಬೇಡಿಕೆಯನ್ನು ನೀವೇ ಮಂಡಿಸಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಹನ್ನೆರಡು ವರ್ಷದಿಂದ ಒಬ್ಬರೇ ಮನೆಗೆಲಸ ಮಾಡುತ್ತಿದ್ದಾರೆ. ಅವರಿಗೆ ಪಿಂಚಣಿಯಂಥದ್ದೇನಾದರೂ ಆಗಬೇಕೆಂದು ನಮಗೂ ಆಸೆ. ಬೆಲ್ಜಿಯಂನಲ್ಲಿ ಮನೆಗೆಲಸಕ್ಕೆ ಚೀಟಿ ಕೊಂಡು ಕೊಡುತ್ತಾರಂತೆ. ಅದೇನು, ವಿವರಿಸುವಿರಾ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ)

ಉತ್ತರ: ಮನೆಯೊಳಗಿನ ಕೆಲಸಕ್ಕೆ ತಪಾಸಣೆಯ ದಾರಿ ಇಲ್ಲ. ಯಾವ ಸರ್ಕಾರವೂ ಮನೆಮನೆಗೆ ಅಧಿಕಾರಿಗಳನ್ನು ನುಗ್ಗಿಸಲಾಗದು, ನುಗ್ಗಿಸಲೂಬಾರದು. ಅದಕ್ಕಾಗಿ ಬೆಲ್ಜಿಯಂ 2004ರಿಂದ ಇನ್ನೊಂದು ದಾರಿ ಹಿಡಿಯಿತು. ಮನೆಯವರು ಒಂದು ಗಂಟೆಯ ಕೆಲಸಕ್ಕೆ ಒಂದರಂತೆ ಸೇವಾ ಚೀಟಿಗಳನ್ನು ಕೊಳ್ಳುತ್ತಾರೆ. ಕೆಲಸದವರು ಪರವಾನಗಿ ಪಡೆದ ಒಂದು ಸಂಸ್ಥೆಯ ನೌಕರರಾಗಿರುತ್ತಾರೆ. ಕೆಲಸ ಮುಗಿದ ಮೇಲೆ ಮನೆಯವರು ಚೀಟಿ ಕೊಡುತ್ತಾರೆ. ಸಂಸ್ಥೆಯು ಆ ಚೀಟಿಯ ಮುಖಬೆಲೆಯ ಜೊತೆಗೆ ಸರ್ಕಾರದ ಸಹಾಯಧನವನ್ನೂ ಪಡೆದು ಸಂಬಳ, ವಿಮೆ, ರಜೆ ಎಲ್ಲವನ್ನೂ ಕೊಡುತ್ತದೆ. ಮನೆಯವರಿಗೆ ಕಳ್ಳದಾರಿಯ ಕೆಲಸಕ್ಕೆ ಬೀಳುವ ಖರ್ಚಿಗಿಂತ ಇದು ಹೆಚ್ಚು ದುಬಾರಿಯಲ್ಲದ ಕಾರಣ, ಜನ ತಾವಾಗಿಯೇ ಈ ಕಡೆಗೆ ಬಂದರು.

ಫ್ರಾನ್ಸಿನಲ್ಲಿ ಮನೆಯವರೇ ಮಾಲೀಕರು. ಎಷ್ಟು ಗಂಟೆ, ಎಷ್ಟು ಸಂಬಳ ಎಂಬುದನ್ನು ಅವರು ಆನ್‌ಲೈನ್‌ನಲ್ಲಿ ತಿಳಿಸಿದರೆ ಸಾಕು, ವಿಮೆಯ ಕಂತಿನ ಲೆಕ್ಕವನ್ನೂ ಸಂಬಳದ ಚೀಟಿಯನ್ನೂ ಸರ್ಕಾರಿ ಸಂಸ್ಥೆಯೇ ಸಿದ್ಧಪಡಿಸುತ್ತದೆ. ಖರ್ಚಿನ ಅರ್ಧಭಾಗ, ಒಂದು ಮಿತಿಯೊಳಗೆ, ತೆರಿಗೆಯಲ್ಲಿ ಮರಳಿ ಬರುತ್ತದೆ. ಸ್ವೀಡನ್ 2007ರಲ್ಲಿ ಮನೆಗೆಲಸದ ಕೂಲಿಯ ಅರ್ಧವನ್ನು ತೆರಿಗೆಯಿಂದ ಕಳೆಯುವ ಇಂಥದೇ ಯೋಜನೆ ತಂದಿತು. ಇವುಗಳಿಗೆ ಖಜಾನೆಯಿಂದ ಬಹಳ ಹಣ ಬೇಕು, ಉಳ್ಳವರ ಮನೆ ಗುಡಿಸಲು ಸರ್ಕಾರ ಯಾಕೆ ಹಣ ಕೊಡಬೇಕು ಎಂಬ ವಿರೋಧವೂ ಆ ದೇಶಗಳಲ್ಲಿ ಇದೆ. ವಿರೋಧದಲ್ಲಿ ಅರ್ಥವಿದೆ. ಆದರೂ ನಲವತ್ತು ವರ್ಷ ದುಡಿದ ಹೆಂಗಸೊಬ್ಬಳಿಗೆ ವಯಸ್ಸಾದ ಮೇಲೆ ಪಿಂಚಣಿ ಬರುತ್ತದೆ ಎನ್ನುವುದಾದರೆ ಆ ಖರ್ಚು ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಬೆಲ್ಜಿಯಂನಲ್ಲಿ ಚೀಟಿ ಶುರುವಾದ ಅದೇ 2004ರಲ್ಲಿ ಕರ್ನಾಟಕವು ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ದೇಶದಲ್ಲಿಯೇ ಮೊದಲು ಈ ಕೆಲಸ ಮಾಡಿದ ಹೆಮ್ಮೆ ನಮ್ಮ ರಾಜ್ಯದ್ದು. ಆದರೆ ವೇತನ ಎಷ್ಟೆಂದು ಆದೇಶ ಹೊರಟಿತೇ ಹೊರತು, ಕೊಟ್ಟದ್ದನ್ನು ದಾಖಲಿಸುವ ಸರಳವಾದ ದಾರಿಯೊಂದು ಮನೆಯವರ ಕೈಗೆ ಸಿಗಲಿಲ್ಲ. ಸದ್ಯಕ್ಕೆ ನೀವು ಮಾಡಬಹುದಾದದ್ದು: ಸಂಬಳವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ, ಅಸಂಘಟಿತ ಕಾರ್ಮಿಕರ ಇ–ಶ್ರಮ್ ನೋಂದಣಿ ಮಾಡಿಸಿ, ನಲವತ್ತರೊಳಗಿನವರಾದರೆ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರಿಸಿ ಅವರ ಕಂತನ್ನು ನೀವು ಭರಿಸಿ.

ಪ್ರಶ್ನೆ: ಎಚ್‌ಎಸ್‌ಆರ್ ಬಡಾವಣೆಯಲ್ಲಿ ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ ನನ್ನದು. ನಮ್ಮನ್ನು 'ಪಾರ್ಟ್ನರ್' ಎನ್ನುತ್ತಾರೆ. ಯುರೋಪಿನಲ್ಲಿ ನಮ್ಮಂಥವರು ನೌಕರರೇ?
(ಡೆಲಿವರಿ ಕೆಲಸಗಾರರೊಬ್ಬರು)

ಉತ್ತರ: ಸ್ಪೇನ್ 2021ರಲ್ಲಿಯೇ ಆಹಾರ ತಲುಪಿಸುವವರನ್ನು ನೌಕರರೆಂದು ಭಾವಿಸುವ ಕಾನೂನು ತಂದಿತು. ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನದ ಪ್ರಕಾರ, ಕೆಲಸದ ಮೇಲೆ ಕಂಪನಿಯ ಹಿಡಿತವಿದೆ ಎಂದು ತೋರಿಸುವ ಸಂಗತಿಗಳು ಇದ್ದರೆ ಅಂಥವನನ್ನು ನೌಕರನೆಂದೇ ಭಾವಿಸಬೇಕು. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು ಕೊನೆಯ ದಿನ 2026ರ ಡಿಸೆಂಬರ್ 2. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾನೂನು ಆ ಪ್ರಶ್ನೆಗೆ ಕೈಹಾಕದೆ, ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸಿ ನಿಮಗಾಗಿ ನಿಧಿ ಮಾಡುತ್ತದೆ. ನೋಂದಣಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: 2024ರಲ್ಲಿ ಇಟಲಿಯ ಹೊಲವೊಂದರಲ್ಲಿ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡ ಭಾರತೀಯ ಕೂಲಿಯನ್ನು ಆಸ್ಪತ್ರೆಗೆ ಸೇರಿಸದೆ ಮನೆ ಮುಂದೆ ಬಿಟ್ಟುಹೋದ ಸುದ್ದಿ ಓದಿದ್ದೆ. ಅಷ್ಟೊಂದು ಕಾನೂನುಗಳಿರುವ ದೇಶದಲ್ಲಿ ಇದು ಹೇಗೆ ನಡೆಯಿತು?
(ಪದವಿ ವಿದ್ಯಾರ್ಥಿನಿ, ವಿಜಯನಗರ)

ಉತ್ತರ: ಅದು ನಡೆದದ್ದು ರೋಮಿನ ದಕ್ಷಿಣಕ್ಕಿರುವ ಲಾಟಿನಾ ಪ್ರಾಂತ್ಯದಲ್ಲಿ, ಜೂನ್ ತಿಂಗಳಿನಲ್ಲಿ. ಆ ಕಾರ್ಮಿಕ ಪಂಜಾಬಿನವನು, ಅವನಿಗೆ ಕೆಲಸದ ಕಾಗದಪತ್ರ ಇರಲಿಲ್ಲ, ಎರಡು ದಿನಗಳ ನಂತರ ತೀರಿಕೊಂಡ. ಅವನನ್ನು ಆಸ್ಪತ್ರೆಗೆ ಕರೆದೊಯ್ದರೆ ದಾಖಲೆಯಿಲ್ಲದೆ ದುಡಿಸಿಕೊಂಡದ್ದು ಬಯಲಾಗುತ್ತಿತ್ತು. ಲೆಕ್ಕಕ್ಕೆ ಬಾರದ ದುಡಿಮೆಯ ಬಗ್ಗೆ ನಾವು ತೆರಿಗೆ, ವಿಮೆ ಎಂದು ಎಷ್ಟೇ ಮಾತಾಡಿದರೂ ಅದರ ತುದಿ ಇದು: ಪುಸ್ತಕದಲ್ಲಿ ಹೆಸರಿಲ್ಲದ ಮನುಷ್ಯ ಗಾಯಗೊಂಡರೆ ಅವನನ್ನು ಮುಚ್ಚಿಡುವುದು ಕೆಲವರಿಗೆ ಲಾಭವಾಗುತ್ತದೆ.

ಇಟಲಿಯ ಹೊಲಗಳಲ್ಲಿ ಕೂಲಿಗಳನ್ನು ಕಲೆಹಾಕಿ ವ್ಯಾನಿನಲ್ಲಿ ಕರೆದೊಯ್ದು, ಅವರ ಕೂಲಿಯಲ್ಲಿಯೇ ಪಾಲು ಹಿಡಿಯುವ ಮೇಸ್ತ್ರಿಯನ್ನು 'ಕಪೊರಾಲೆ' ಎನ್ನುತ್ತಾರೆ. 2015ರ ಬೇಸಿಗೆಯಲ್ಲಿ ಪುಲಿಯಾ ಪ್ರದೇಶದ ಹೊಲಗಳಲ್ಲಿ ಕೂಲಿಗಳು ಸತ್ತದ್ದು ದೊಡ್ಡ ಸುದ್ದಿಯಾಗಿ, 2016ರ 199ನೇ ಕಾನೂನು ಬಂತು. ಅದು ಮೇಸ್ತ್ರಿಯ ಜೊತೆಗೆ ಅವನಿಂದ ಕೂಲಿಗಳನ್ನು ಪಡೆಯುವ ಜಮೀನುದಾರನನ್ನೂ ಶಿಕ್ಷೆಗೆ ಗುರಿಮಾಡಿತು. ಆದರೆ ಲಾಟಿನಾದಲ್ಲಿ ಇನ್ನೊಂದು ಜಾಣತನ ಬೇರೂರಿದೆ. ಅಲ್ಲಿನವರು ಅದನ್ನು 'ಬೂದು ಕೆಲಸ' ಎನ್ನುತ್ತಾರೆ, ಪೂರ್ತಿ ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಕರಾರು ಇರುತ್ತದೆ, ದಿನಗೂಲಿಯ ದರವೂ ಕಾನೂನಿನಂತೆಯೇ ಇರುತ್ತದೆ. ತಿಂಗಳಲ್ಲಿ ಇಪ್ಪತ್ತಾರು ದಿನ ದುಡಿದವನಿಗೆ ಸಂಬಳದ ಚೀಟಿಯಲ್ಲಿ ನಾಲ್ಕೈದು ದಿನ ಮಾತ್ರ ಬರೆದಿರುತ್ತದೆ. ದರ ಸರಿಯಿದೆ, ದಿನಗಳು ಸುಳ್ಳು. ಕೃಷಿ ಕಾರ್ಮಿಕನಿಗೆ ನಿರುದ್ಯೋಗ ಭತ್ಯೆ ಸಿಗಲು ಎರಡು ವರ್ಷಗಳಲ್ಲಿ 102 ದಿನಗಳ ದಾಖಲೆ ಬೇಕು. ಅದು ಅವನಿಗೆ ತುಂಬುವುದೇ ಕಷ್ಟ.

2016ರ ಏಪ್ರಿಲ್‌ನಲ್ಲಿ ಲಾಟಿನಾದ ಪಂಜಾಬಿ ಕೂಲಿಗಳು ಮುಷ್ಕರ ಹೂಡಿ ಊರಿನ ಚೌಕದಲ್ಲಿ ನೆರೆದರು. ನಿಮಗೆ ಆಗ ವಯಸ್ಸು ಚಿಕ್ಕದು, ನೆನಪಿರಲಾರದು. ಅದೇ ಏಪ್ರಿಲ್‌ನಲ್ಲಿ ನಮ್ಮ ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು, ಪಿಎಫ್ ಹಣವನ್ನು ಹಿಂಪಡೆಯುವುದಕ್ಕೆ ಹೇರಿದ್ದ ಹೊಸ ನಿರ್ಬಂಧವನ್ನು ಕೇಂದ್ರ ಸರ್ಕಾರ ವಾಪಸು ತೆಗೆದುಕೊಳ್ಳುವಂತೆ ಮಾಡಿದ್ದರು.

ಕಾಗದಪತ್ರವಿಲ್ಲದ ಕೂಲಿ ಹೆದರುವುದು ದೂರು ಕೊಟ್ಟರೆ ತನ್ನನ್ನೇ ಗಡೀಪಾರು ಮಾಡಿಯಾರೆಂದು. ಯುರೋಪಿಯನ್ ಒಕ್ಕೂಟದ 2009ರ ನಿರ್ದೇಶನ, ಅಂಥವನಿಗೂ ದುಡಿದ ಬಾಕಿ ಕೂಲಿ ಸಲ್ಲಬೇಕು, ಬೇರೆ ಪುರಾವೆ ಇಲ್ಲದಿದ್ದರೆ ಅವನು ಕನಿಷ್ಠ ಮೂರು ತಿಂಗಳು ದುಡಿದಿದ್ದಾನೆಂದೇ ಭಾವಿಸಬೇಕು ಎನ್ನುತ್ತದೆ. ಶೋಷಣೆಯ ವಿರುದ್ಧ ತನಿಖೆಗೆ ಸಹಕರಿಸುವವನಿಗೆ ಇಟಲಿಯಲ್ಲಿ ವಿಶೇಷ ವಾಸದ ಪರವಾನಗಿಗೂ ಅವಕಾಶವಿದೆ. ಇದು ಹೊಲದಲ್ಲಿ ನಿಂತವನಿಗೆ ಅವನ ಭಾಷೆಯಲ್ಲಿ ತಲುಪುವುದೇ ಕಷ್ಟ. ಇಡೀ ಒಕ್ಕೂಟದಲ್ಲಿ ಕಾರ್ಮಿಕ ತಪಾಸಣೆಯನ್ನು ಜೋಡಿಸಲು ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಯುರೋಪಿಯನ್ ಕಾರ್ಮಿಕ ಪ್ರಾಧಿಕಾರವಿದೆ, ಲೆಕ್ಕಕ್ಕೆ ಬಾರದ ದುಡಿಮೆಯನ್ನು ತಡೆಯಲು 2016ರಲ್ಲಿ ಶುರುವಾದ ವೇದಿಕೆಯೂ ಈಗ ಅದರ ಭಾಗ. ಆದರೂ ಹೊಲಕ್ಕೆ ಹೋಗಬೇಕಾದವರು ಆಯಾ ದೇಶದ ತಪಾಸಕರೇ.

ಪ್ರಶ್ನೆ: ಬೊಮ್ಮನಹಳ್ಳಿ ಹತ್ತಿರದ ಒಂದು ಸಣ್ಣ ಗಾರ್ಮೆಂಟ್ಸ್‌ನಲ್ಲಿ ಎರಡೂವರೆ ವರ್ಷದಿಂದ ಟೈಲರ್ ಆಗಿದ್ದೇನೆ. ತಿಂಗಳಿಗೆ ಇಪ್ಪತ್ತಾರು ದಿನ ಕೆಲಸ ಮಾಡಿದರೂ ಚೀಟಿಯಲ್ಲಿ ಹದಿನೆಂಟು ದಿನ ಹಾಕುತ್ತಾರೆ, ಉಳಿದದ್ದು ಕೈಗೆ. ನಾನೀಗ ನಾಲ್ಕು ತಿಂಗಳ ಗರ್ಭಿಣಿ. ದಿನ ಕಡಿಮೆ ಇರುವುದರಿಂದ ಇಎಸ್‌ಐ ಹೆರಿಗೆ ಹಣ ಬರುವುದಿಲ್ಲ ಎಂದು ಸೂಪರ್‌ವೈಸರ್ ಹೇಳುತ್ತಾರೆ. ನಿಜವೇ?
(ಹೆಸರು ಬೇಡವೆಂದವರು)

ಉತ್ತರ: ನಿಜವಲ್ಲ ತಂಗಿ, ಮೊದಲು ಆ ಭಯ ಬಿಡಿ. ಇಎಸ್‌ಐ ಹೆರಿಗೆ ಸೌಲಭ್ಯಕ್ಕೆ ಹಿಂದಿನ ಎರಡು ಕಂತಿನ ಅವಧಿಗಳಲ್ಲಿ, ಅಂದರೆ ಆರಾರು ತಿಂಗಳ ಎರಡು ಅವಧಿಗಳಲ್ಲಿ, ಒಟ್ಟು 70 ದಿನಗಳ ವಂತಿಗೆ ಇದ್ದರೆ ಸಾಕು. ತಿಂಗಳಿಗೆ ಹದಿನೆಂಟು ದಿನವೆಂದರೂ ನಿಮ್ಮದು ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ನಿಮಗೆ ಈಗಾಗಲೇ ಇಬ್ಬರು ಮಕ್ಕಳಿಲ್ಲದಿದ್ದರೆ, 26 ವಾರಗಳ ರಜೆಗೆ ಸರಾಸರಿ ದಿನಗೂಲಿಯ ಪೂರ್ತಿ ಹಣ ನಿಮಗೆ ಸಲ್ಲಬೇಕು. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ನಿಮ್ಮ ವಿಮಾ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ನಿಮ್ಮ ಭಾಗದ ಇಎಸ್‌ಐ ಚಿಕಿತ್ಸಾಲಯದಲ್ಲಿ ಈ ವಾರವೇ ಕೇಳಿ, ಗರ್ಭಿಣಿಯೆಂಬುದನ್ನು ಅಲ್ಲಿ ಬರೆಸಿ.

ಆದರೆ ಮೋಸ ನಿಮಗೆ ಬೇರೆ ಕಡೆ ಆಗುತ್ತಿದೆ. ದಿನದ ದರವನ್ನು ಕನಿಷ್ಠ ವೇತನಕ್ಕೆ ಸರಿಯಾಗಿ ತೋರಿಸಿ ದಿನಗಳನ್ನು ಕಡಿಮೆ ಮಾಡುವ ಉಪಾಯ, ಮೇಲೆ ಹೇಳಿದ ಲಾಟಿನಾದ ಉಪಾಯವೇ. ಹದಿನೆಂಟರಂತೆ ಹನ್ನೆರಡು ತಿಂಗಳಿಗೆ 216 ದಿನಗಳಾಗುತ್ತವೆ. ಗ್ರಾಚ್ಯುಟಿಗೆ ಒಂದು ವರ್ಷದ ನಿರಂತರ ಸೇವೆ ಎನ್ನಿಸಿಕೊಳ್ಳಲು 240 ದಿನ ಬೇಕು. ಐದು ವರ್ಷ ಹೀಗೆಯೇ ದುಡಿದರೂ ಅವರ ಪುಸ್ತಕದ ಪ್ರಕಾರ ನಿಮಗೆ ಒಂದು ವರ್ಷವೂ ತುಂಬಿರುವುದಿಲ್ಲ. ಪಿಎಫ್ ಕೂಡ ಹದಿನೆಂಟು ದಿನದ ಸಂಬಳದ ಮೇಲೆಯೇ ಬೀಳುತ್ತಿರುತ್ತದೆ. ನಿಮ್ಮ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಹಾಕಿ ಪಾಸ್‌ಬುಕ್ ತೆರೆದರೆ ಯಾವ ತಿಂಗಳು ಎಷ್ಟು ಸಂಬಳದ ಮೇಲೆ ಕಟ್ಟಿದ್ದಾರೆಂಬುದು ಫೋನಿನಲ್ಲಿಯೇ ಕಾಣುತ್ತದೆ.

ಪಿಎಫ್ ಅಧಿಕಾರಿಗಳಿಗೆ ವಿಚಾರಣೆ ನಡೆಸಿ ಬಾಕಿಯನ್ನು ನಿರ್ಧರಿಸುವ ಅಧಿಕಾರವಿದೆ, ಸಂಬಳ ಮತ್ತು ಹಾಜರಿಯ ದೂರನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೊಡಬಹುದು. ಆದರೆ ಈಗಲೇ, ಒಬ್ಬರೇ ಹೋಗಬೇಡಿ. ನಿಮ್ಮ ಪತ್ರದ ಕೊನೆಯಲ್ಲಿ ಇನ್ನೂ ಹನ್ನೊಂದು ಜನರಿಗೆ ಹೀಗೇ ಇದೆ ಎಂದು ಬರೆದಿದ್ದೀರಿ. ಅವರ ಜೊತೆ ಮಾತಾಡಿ, ಗಾರ್ಮೆಂಟ್ಸ್ ಕಾರ್ಮಿಕರ ಸಂಘವೊಂದನ್ನು ಕಂಡು, ದೂರು ಸಂಘದ ಹೆಸರಿನಲ್ಲಿ ಹೋಗುವಂತೆ ನೋಡಿಕೊಳ್ಳಿ. ಅಲ್ಲಿಯವರೆಗೆ ನೀವು ಹನ್ನೆರಡು ಜನವೂ ಒಂದೊಂದು ನೋಟ್‌ಬುಕ್ ಇಟ್ಟುಕೊಂಡು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಆ ದಿನ ಹೊಲಿದ ಪೀಸು, ಬಟವಾಡೆಯ ದಿನ ಬ್ಯಾಂಕಿಗೆ ಬಂದದ್ದೆಷ್ಟು, ಕೈಗೆ ಬಂದದ್ದೆಷ್ಟು ಎಂಬುದನ್ನು ಇಂದಿನಿಂದಲೇ ಬರೆಯಲು ಶುರುಮಾಡಿ.